ತೊಟ್ಟು ಮೊದಲು, ಸುಣ್ಣ ಆಮೇಲೆ

ಗಿನಿಪಿಗ್ ಅಳುತ್ತದೆಂದು ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಪಶುವೈದ್ಯನಾಗಿದ್ದವನು ಇದನ್ನು ಬರೆಯಲು ನಾಚಬೇಕು, ನಾಚಿಕೊಂಡೇ ಬರೆಯುತ್ತಿದ್ದೇನೆ. ನಾನು ಓದುವ ಕಾಲಕ್ಕೆ ಗಿನಿಪಿಗ್ ಎಂದರೆ ಬೇರೆಯವರ ರೋಗವನ್ನು ಪರೀಕ್ಷಿಸಲು ಬಳಸುವ ವಸ್ತು. ಅದಕ್ಕೇ ರೋಗ ಬಂದರೆ ಏನು ಮಾಡಬೇಕೆಂದು ಮೇಷ್ಟರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಚಾಮರಾಜಪೇಟೆಯ ನನ್ನ ಕ್ಲಿನಿಕ್ಕಿನ ಮೇಜಿನ ಮೇಲೆ ಆ ಬೆಳಿಗ್ಗೆ ಒಂದು ಹೂವಿನ ಬುಟ್ಟಿ ಬಂದು ಕೂತಿತು. ತಂದವರು ಕಾಲೇಜೊಂದರ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದು ನಿವೃತ್ತರಾದವರು. ಬುಟ್ಟಿಯ ಮೇಲಿದ್ದ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟು, ತಾವೇ ತಂದಿದ್ದ ಬಿಳಿ ಕಾಗದವನ್ನು ಹಾಸಿ, ಅದರ ಮೇಲೆ ಕಂದು-ಬಿಳಿ ಬಣ್ಣದ ದಪ್ಪ ಗಿನಿಪಿಗ್ ಒಂದನ್ನು ಇಳಿಸಿದರು. ಅದು ಎರಡು ಹೆಜ್ಜೆ ಇಟ್ಟು, ಬೆನ್ನನ್ನು ಗೂನು ಮಾಡಿ ಕೂತು, ಎಣ್ಣೆ ಕಾಣದ ಹೊಲಿಗೆ ಯಂತ್ರದಂಥ ಸಣ್ಣ ದನಿಯಲ್ಲಿ ಉದ್ದಕ್ಕೆ ಕೂಗಿತು. ಕೂಗು ನಿಂತಾಗ ಕಾಗದದ ಮೇಲೆ ನಾಲ್ಕಾಣೆಯಷ್ಟಗಲ ಕೆಂಪು.

ನಾನು ಹಿಂದೆ ಸರಿದೆ. ಹಸುವಿನ ಗರ್ಭಕೋಶ ಹೊರಬಂದದ್ದನ್ನು ಮೊಣಕೈವರೆಗೆ ಕೈ ಹಾಕಿ ಒಳಗೆ ಕೂರಿಸಿದವನು ನಾನು. ಆದರೂ ಇಷ್ಟು ಪುಟ್ಟ ಪ್ರಾಣಿ ಇಷ್ಟು ನೋವನ್ನು ಎಲ್ಲಿ ಇಟ್ಟುಕೊಂಡಿದೆ ಅನ್ನಿಸಿತು.

“ನಾಲ್ಕು ದಿನದಿಂದ ಹಿಂಗೇ ಸಾರ್. ಮೂತ್ರ ಮಾಡೋವಾಗೆಲ್ಲ ಕೂಗುತ್ತೆ,” ಎಂದರು ಅಟೆಂಡರು. “ಹದಿನೇಳು ಯಾವತ್ತೂ ಕೂಗಿದ್ದಲ್ಲ.”

ಹದಿನೇಳು ಅದರ ಹೆಸರು. ಲ್ಯಾಬಿನ ಪ್ರಾಣಿಗಳ ಕೋಣೆಯನ್ನು ಮುಚ್ಚುವಾಗ ಉಳಿದವುಗಳನ್ನು ‘ವಿಲೇವಾರಿ’ ಮಾಡಲು ಆದೇಶ ಬಂತಂತೆ. ಇವರ ಕೈಯಲ್ಲಿ ಆಗಲಿಲ್ಲ. ಹದಿನೇಳನೇ ಗೂಡಿನ ಮರಿಯನ್ನು ಊಟದ ಚೀಲದಲ್ಲಿಟ್ಟು ಗವಿಪುರದ ಮನೆಗೆ ತಂದುಬಿಟ್ಟರು. ಹೆಂಡತಿ ಮಾತ್ರ ಅದನ್ನು ಗುಂಡಕ್ಕ ಎಂದು ಕರೆಯುತ್ತಿದ್ದರು. ವರ್ಷದ ಹಿಂದೆ ಹಿಂಗಾಲು ಎಳೆಯುತ್ತಿದೆ ಎಂದು ಒಮ್ಮೆ ನನ್ನ ಹತ್ತಿರ ತಂದಿದ್ದರು. ಅದು ವಿಟಮಿನ್ ಸಿ ಕೊರತೆ. ನಮ್ಮ ಹಾಗೆಯೇ ಗಿನಿಪಿಗ್ಗೂ ಅದನ್ನು ಮೈಯೊಳಗೆ ತಯಾರಿಸಿಕೊಳ್ಳಲಾರದು. ಹನಿ ಬರೆದುಕೊಟ್ಟಿದ್ದೆ, ವಾಸಿಯಾಗಿತ್ತು. ನನಗೆ ನೆನಪಿದ್ದದ್ದು ಅಷ್ಟೇ.

“ಏನೇನು ತಿನ್ನುತ್ತೆ?”

“ಕ್ಯಾರೆಟ್ಟು, ಕೊತ್ತಂಬರಿ, ಪಾಲಕ್ಕು, ಕಡಲೆ. ಮನೇಲಿ ಸೊಪ್ಪು ಬಿಡಿಸಿದ್ದೆಲ್ಲ.”

“ಔಷಧಿ ಏನಾದ್ರೂ ಕೊಡ್ತಿದೀರಾ?”

“ನೀವು ಹೇಳಿದ್ದೇ ಸಾರ್. ಒಂದು ದಿನಾನೂ ತಪ್ಪಿಸಿಲ್ಲ.”

ವಿಟಮಿನ್ ಸಿ ಎಂದುಕೊಂಡೆ. ಹೇಳಿದ್ದನ್ನು ಮಾಡುವ ಜನ ನಮಗೆ ಸಿಗುವುದು ಅಪರೂಪ. ಸಂತೋಷವಾಯಿತು. ಆ ಸಂತೋಷಕ್ಕೆ ಮುಂದೆ ದಂಡ ತೆರಬೇಕಾಯಿತು.

ಮೂತ್ರಕೋಶದ ಸೋಂಕು ಇರಬೇಕೆಂದು ಊಹಿಸಿದೆ. ನನ್ನಲ್ಲಿದ್ದ ಪುಸ್ತಕದಲ್ಲಿ ಗಿನಿಪಿಗ್ಗಿಗೆ ಮೀಸಲಾಗಿದ್ದದ್ದು ಅರ್ಧ ಪುಟ. ಅದನ್ನು ನಾಲ್ಕು ಸಲ ಓದಿದೆ. ನಾಯಿಗಳು ನೀರಿನಂತೆ ಕುಡಿಯುವ ಕೆಲವು ಆಂಟಿಬಯಾಟಿಕ್‌ಗಳು ಇದರ ಕರುಳಿನೊಳಗಿನ ಒಳ್ಳೆಯ ಜೀವಾಣುಗಳನ್ನೂ ಕೊಂದು, ಪ್ರಾಣಿಯನ್ನೇ ಕೊಲ್ಲುತ್ತವೆ ಎಂದು ಅಲ್ಲಿ ಬರೆದಿತ್ತು. ಇಂಥ ಒಂದು ವಾಕ್ಯ ಸಾಕು, ನನಗೆ ವಾರದ ಚಿಂತೆ. ಅದಕ್ಕೆ ಒಗ್ಗುವಂಥದ್ದನ್ನು ಹುಡುಕಿ, ತಕ್ಕಡಿಯಲ್ಲಿ ತೂಗಿ (ಎಂಟುನೂರ ನಲವತ್ತು ಗ್ರಾಂ), ಹನಿಯ ಲೆಕ್ಕವನ್ನು ಎರಡು ಸಲ ಮಾಡಿದೆ. ಎರಡು ಸಲವೂ ಒಂದೇ ಉತ್ತರ ಬಂದದ್ದರಿಂದ ಅನುಮಾನ ಬಂದು ಮೂರನೆಯ ಸಲ ಮಾಡಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು: “ಇವತ್ತೇನು, ಅನ್ನ ಕಲಸ್ತಾನೇ ಇದೀರಾ?”

“ಒಂದು ಗಿನಿಪಿಗ್ ಬಂದಿದೆ.”

“ಮನೆ ಕಂತು ಆಯ್ತು, ಬಿಪಿ ಆಯ್ತು, ನಲ್ಲಿ ಸೋರೋದಾಯ್ತು. ಚಿಂತೆಗೆ ಈಗ ಇಲೀನೂ ಬೇಕಾ ನಿಮಗೆ?”

“ಇಲಿ ಅಲ್ಲ ಅದು.”

“ನೋಡಿ, ಹೇಗೆ ರೋಷ ಬರತ್ತೆ!”

ಐದನೆಯ ದಿನಕ್ಕೆ ರಕ್ತ ನಿಂತಿತು. ಒಂಬತ್ತನೆಯ ದಿನ ಮತ್ತೆ ಬುಟ್ಟಿ ಬಂತು. ಈಗ ಕೂಗು ಇನ್ನೂ ಉದ್ದ. ಹೊಟ್ಟೆಯ ಕೆಳಭಾಗದ ಕೂದಲೆಲ್ಲ ಒದ್ದೆಯಾಗಿ ಗಬ್ಬು ವಾಸನೆ. ಎಪ್ಪತ್ತು ಗ್ರಾಂ ಇಳಿದಿತ್ತು. ಎರಡು ಬೆರಳುಗಳ ನಡುವೆ ಹೊಟ್ಟೆಯನ್ನು ಮೆಲ್ಲಗೆ ಹಿಡಿದು ನೋಡಿದೆ. ಹಿಂದೆ, ಒಳಗೆ, ಏನೋ ಗಟ್ಟಿಯಾದದ್ದು ಬೆರಳಿಗೆ ತಾಕಿ ಜಾರಿತು.

ಎಕ್ಸ್‌ರೇ ಆಗಬೇಕಿತ್ತು. ನನ್ನ ಕ್ಲಿನಿಕ್ಕಿನಲ್ಲಿದ್ದ ದೊಡ್ಡ ಯಂತ್ರವೆಂದರೆ ಫ್ಯಾನು. ಬಸವನಗುಡಿಯಲ್ಲಿ ಮನುಷ್ಯರ ಎಕ್ಸ್‌ರೇ ತೆಗೆಯುವ ಪರಿಚಯದ ತಂತ್ರಜ್ಞರೊಬ್ಬರಿದ್ದರು. ಮಧ್ಯಾಹ್ನ ಬಾಗಿಲು ಅರ್ಧ ಎಳೆದಿರುವಾಗ ಬನ್ನಿ ಎಂದರು. ಅಲ್ಲಿ ಬೆಂಚಿನ ಮೇಲೆ ಉಳಿದಿದ್ದ ಅಜ್ಜಿಯೊಬ್ಬರು ನಮ್ಮ ಹೂವಿನ ಬುಟ್ಟಿ ನೋಡಿ ದೇವರೆಂದು ಭಾವಿಸಿ ಕಾಲು ಮಡಚಿ ಕೂತರು. ತಂತ್ರಜ್ಞರು ರಿಜಿಸ್ಟರ್ ತೆಗೆದು ಅಭ್ಯಾಸಬಲದಿಂದ ಕೇಳಿದರು:

“ಪೇಷಂಟ್ ಹೆಸರು?”

“ಹದಿನೇಳು,” ಎಂದರು ಅಟೆಂಡರು.

“ವಯಸ್ಸಲ್ಲ ಸ್ವಾಮಿ, ಹೆಸರು.”

ಕೊನೆಗೆ ಗುಂಡಕ್ಕ, ಎರಡು ವರ್ಷ ಎಂದು ಬರೆದುಕೊಂಡರು. ಪಕ್ಕಕ್ಕೆ ಮಲಗಿಸಿ, ಕಾಲುಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಎಳೆದು ಹಿಡಿದು, ಸೀಸದ ಏಪ್ರನ್ ಹೊತ್ತು ನಾನು ಉಸಿರು ಬಿಗಿಹಿಡಿದೆ. ಹತ್ತು ನಿಮಿಷದ ಮೇಲೆ ಕತ್ತಲ ಕೋಣೆಯಿಂದ ನೀರು ತೊಟ್ಟಿಕ್ಕುವ ಫಿಲ್ಮು ಹೊರಬಂತು. ಮಣಿಸರದಂಥ ಬೆನ್ನೆಲುಬು, ಕೂದಲಿನಂಥ ಪಕ್ಕೆಲುಬುಗಳು. ಹಿಂಗಾಲುಗಳ ಮುಂದೆ, ಯಾವ ಮೂಳೆಗೂ ಅಂಟದೆ, ಒಂದು ಬೆಳ್ಳನೆಯ ಗುಂಡು.

“ಯಾರಾದ್ರೂ ಏರ್‌ಗನ್ನಲ್ಲಿ ಹೊಡೆದಿದಾರಾ ಸಾರ್?” ಎಂದರು ತಂತ್ರಜ್ಞರು.

ತೊಗರಿಕಾಳಿಗಿಂತ ದೊಡ್ಡದು, ಕಡಲೆಕಾಳಿಗಿಂತ ಚಿಕ್ಕದು. ಮನುಷ್ಯನ ಅಳತೆಗೆ ಹಿಗ್ಗಿಸಿದರೆ ನಿಂಬೆಹಣ್ಣು. ಅದನ್ನು ಮೂತ್ರಕೋಶದಲ್ಲಿ ಹೊತ್ತುಕೊಂಡು ಈ ಪ್ರಾಣಿ ಇಷ್ಟು ದಿನ ಕೊತ್ತಂಬರಿ ತಿಂದಿದೆ. ನಾನಾದರೋ ಅದಕ್ಕೆ ಸೋಂಕಿನ ಹನಿ ಕೊಟ್ಟು ವಾಸಿಯಾಯಿತೆಂದು ಬೀಗಿದ್ದೆ. ಫಿಲ್ಮನ್ನು ನಾನು ತಲೆಕೆಳಗಾಗಿ ಬೆಳಕಿಗೆ ಹಿಡಿದಿದ್ದುದನ್ನು ಅಟೆಂಡರು ನೋಡಿದರು. ನೋಡದವರಂತೆ ಟವೆಲ್ ಮಡಿಸತೊಡಗಿದರು.

ಮರುದಿನ ದಂಪತಿಗಳಿಬ್ಬರನ್ನೂ ಕ್ಲಿನಿಕ್ಕಿಗೆ ಕರೆದೆ. ಕಲ್ಲು ಸುಣ್ಣದ ಅಂಶದ್ದು, ಔಷಧಿಗೆ ಕರಗುವುದಿಲ್ಲ, ಹೊಟ್ಟೆ ಕುಯ್ದು ತೆಗೆಯಬೇಕು ಎಂದೆ. ಅಟೆಂಡರ ಹೆಂಡತಿ, ಸೊಂಟಕ್ಕೆ ಎಲೆಯಡಿಕೆ ಸಂಚಿ ಸಿಕ್ಕಿಸಿಕೊಂಡ ಗಟ್ಟಿ ದನಿಯ ಹೆಂಗಸು, ಥಟ್ಟನೆ ಹೇಳಿದರು:

“ಅದಕ್ಕೇನಾ ಡಾಕ್ಟ್ರೇ! ನಮ್ದು ಕೆಂಪು ಗಾರೆ ನೆಲ. ಗುಂಡಕ್ಕ ಉಚ್ಚೆ ಹೊಯ್ದಿದ್ದು ಒಣಗಿದ್ರೆ ರಂಗೋಲಿ ಪುಡಿ ಚೆಲ್ಲಿದಂಗೆ ಬೆಳ್ಳಗೆ ಕೂತಿರತ್ತೆ. ನಾನು ದಿನಾ ಒರೆಸ್ತೀನಿ.”

ಗಿನಿಪಿಗ್ಗಿನ ಮೂತ್ರ ಸ್ವಲ್ಪ ಬೆಳ್ಳಗಿರುವುದು ಸಹಜ. ಪುಡಿ ಚೆಲ್ಲಿದ ಹಾಗೆ ಎಂದರೆ ಅತಿಯಾಯಿತು. ಅದರ ಮೈಗೆ ಎಲ್ಲಿಂದಲೋ ಸುಣ್ಣ ಹೋಗುತ್ತಿದೆ. ಎಲ್ಲಿಂದ? ನನ್ನ ಕಣ್ಣು ಆ ಸಂಚಿಯ ಮೇಲೆ ಬಿತ್ತು.

“ಎಲೆ ಹಾಕ್ತೀರಲ್ಲ, ಅದೇನಾದ್ರೂ ಕೊಡ್ತೀರಾ ಇದಕ್ಕೆ?”

“ತೊಟ್ಟು, ತುದಿ ಮುರಿದಿದ್ದು ಅದಕ್ಕೇ. ಕೈಯಿಂದ ಇಸ್ಕೊಂಡು ತಿನ್ನತ್ತೆ, ಮುದ್ದು ಮುಂಡೇದು.”

“ಹಾಗಾದ್ರೆ ಸಿಕ್ಕಿತು!” ಎಂದು ನಾನು ಮೇಜು ಕುಟ್ಟಿದೆ. “ನಿಮ್ಮ ಕೈಯಲ್ಲಿ, ಎಲೆಯಲ್ಲಿ ಸುಣ್ಣ. ದಿನಾ ಸುಣ್ಣ ತಿನ್ನಿಸಿದೀರಿ ನೀವು.”

ಮೇಜು ಕುಟ್ಟಿದ ಆ ಕೈಯನ್ನು ನೆನೆದರೆ ಇವತ್ತಿಗೂ ಜೇಬಿಗೆ ಸೇರಿಸಿ ಬಚ್ಚಿಡೋಣ ಅನ್ನಿಸುತ್ತದೆ. ಅಟೆಂಡರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. ಬೈಯಲಿಲ್ಲ. “ಮೂವತ್ತು ವರ್ಷ ಲ್ಯಾಬಲ್ಲಿ ಒಂದನ್ನೂ ನನ್ನ ಕೈಯಾರೆ ಕೆಡಿಸ್ಕೊಂಡಿರ್ಲಿಲ್ಲ,” ಎಂದರು. ಆಕೆ ಸಂಚಿ ಬಿಚ್ಚಿ, ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ನನ್ನ ಕ್ಲಿನಿಕ್ಕಿನ ಕಸದ ಬುಟ್ಟಿಗೆ ಹಾಕಿದರು. ಅದು ತಗಡಿಗೆ ತಾಕಿ ಟಣ್ಣೆಂದಿತು. ನಾನು ಆಗ ಶಸ್ತ್ರಚಿಕಿತ್ಸೆಯ ದಿನ ಗೊತ್ತು ಮಾಡುವುದರಲ್ಲಿದ್ದೆ.

ತಯಾರಿಗೆ ಆರು ದಿನ ಬೇಕಾಯಿತು. ನನ್ನ ಹತ್ತಿರವಿದ್ದ ಹೊಲಿಗೆಯ ದಾರ ಎಮ್ಮೆಗೆ ಸರಿ; ಇದರ ಮೂತ್ರಕೋಶದ ಗೋಡೆ ಈರುಳ್ಳಿಯ ಒಳಪೊರೆಯಷ್ಟು. ಕಣ್ಣಿನ ಡಾಕ್ಟರೊಬ್ಬರನ್ನು ಬೇಡಿ ಕೂದಲೆಳೆಯಂಥ ಕರಗುವ ದಾರ ತಂದೆ. ನಗರ್ತಪೇಟೆಗೆ ಹೋಗಿ ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಕೊಂಡೆ. ಅಂಗಡಿಯವರು “ಚಿನ್ನದ ಕೆಲ್ಸಾನಾ, ಬೆಳ್ಳಿದಾ?” ಎಂದರೆ “ಮೂತ್ರಕೋಶದ್ದು” ಎನ್ನಲಾಗದೆ “ಬೆಳ್ಳಿದು” ಎಂದೆ. ಅಭ್ಯಾಸಕ್ಕೆ ಹಸಿರು ದ್ರಾಕ್ಷಿ ತಂದು, ಸೀಳಿ, ತಿರುಳು ತೆಗೆದು, ಸಿಪ್ಪೆಗೆ ಹೊಲಿಗೆ ಹಾಕಿ, ಸಿರಿಂಜಿನಿಂದ ಒಳಗೆ ನೀರು ತುಂಬಿ ಸೋರುತ್ತದೆಯೇ ನೋಡುತ್ತಿದ್ದೆ. ಮೊದಲ ಹನ್ನೆರಡೂ ಸೋರಿದವು. ಹೆಂಡತಿ ಬಾಗಿಲಲ್ಲಿ ನಿಂತು, “ಒಂದು ಗೊಂಚಲು ದ್ರಾಕ್ಷಿ ಖಾಲಿ. ಒಂದಾದ್ರೂ ಪೇಷಂಟ್ ಬದುಕ್ತಾ?” ಎಂದಳು. ಹದಿಮೂರನೆಯದು ಸೋರಲಿಲ್ಲ. ಅದನ್ನು ಬಟ್ಟಲಲ್ಲಿಟ್ಟು ಎರಡು ದಿನ ಕಾಪಾಡಿದೆ.

ಆರನೆಯ ದಿನ ಮಧ್ಯಾಹ್ನ ಗವಿಪುರಕ್ಕೆ ಹೋದೆ. ಮಾರನೆಯ ದಿನ ಆಪರೇಷನ್. ಅರಿವಳಿಕೆಯಲ್ಲೇ ಸಾಯುವ ಸಾಧ್ಯತೆ ಇದೆ ಎಂಬುದನ್ನು ಮನೆಯವರ ಮುಖ ನೋಡಿ ಹೇಳಬೇಕಿತ್ತು. ಒಳಗೆ ಕಾಲಿಟ್ಟ ಕೂಡಲೇ ಮನೆಯಲ್ಲಿ ಏನೋ ಕೆಟ್ಟಿದೆ ಎಂದು ಗೊತ್ತಾಯಿತು. ಅಟೆಂಡರು ಹೆಂಡತಿಯ ಹತ್ತಿರ ಮಾತು ಬಿಟ್ಟಿದ್ದರು. ಏನಿದ್ದರೂ ಗೂಡಿನ ಕಡೆ ತಿರುಗಿ ಹೇಳುತ್ತಿದ್ದರು.

“ಹದಿನೇಳು, ಡಾಕ್ಟ್ರು ಬಂದಿದಾರೆ, ಕಾಫಿ ಕೊಡೋಕೆ ಹೇಳು.”

ಒಳಗಿನಿಂದ, “ಗುಂಡಕ್ಕ, ಸಕ್ಕರೆ ಎಷ್ಟು ಅಂತ ಕೇಳು.”

ಗುಂಡಕ್ಕ ಇಬ್ಬರಿಗೂ ಉತ್ತರಿಸದೆ ಮೂಲೆಯಲ್ಲಿ ಬೆನ್ನು ಗೂನು ಮಾಡಿ ಕೂತಿತ್ತು.

ಕಾಫಿಯಾದ ಮೇಲೆ ಆಕೆ ಎಲೆಯಡಿಕೆ ತಟ್ಟೆ ತಂದಿಟ್ಟು ನೆಲದ ಮೇಲೆ ಕೂತರು. “ನಾನು ಬಿಟ್ಟೆ ಡಾಕ್ಟ್ರೇ. ಬಂದೋರಿಗೆ ಕೊಡದೆ ಕಳಿಸೋಕಾಗತ್ತಾ? ಬರೋರಿಗೆ ಅಂತ ಬೇರೆ ಸುಣ್ಣ ಇಟ್ಟಿದೀನಿ.” ಎಲೆಯೊಂದನ್ನು ಎತ್ತಿಕೊಂಡರು. ತೊಟ್ಟು ಮುರಿದರು. ತುದಿ ಚಿವುಟಿದರು. ಎರಡನ್ನೂ ಅಭ್ಯಾಸಬಲದಿಂದ ಗೂಡಿನ ಕಡೆ ಚಾಚಿ, ಗಂಡನನ್ನು ನೋಡಿ ಕೈ ಹಿಂದೆಳೆದುಕೊಂಡು, ತಟ್ಟೆಯ ಅಂಚಿಗಿಟ್ಟರು. ಎಲೆಯನ್ನು ಸೆರಗಿಗೆ ಒರೆಸಿ, ಬೆನ್ನು ಮೇಲೆ ಮಾಡಿ, ಆಮೇಲೆ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದರು.

“ತಡೀರಿ,” ಎಂದೆ. “ತೊಟ್ಟು ಯಾವಾಗ ಮುರೀತೀರಿ ನೀವು?”

“ಮೊದಲು.”

“ಸುಣ್ಣ?”

“ಆಮೇಲೆ. ಸುಣ್ಣ ಹಚ್ಚಿ ಯಾರಾದ್ರೂ ತೊಟ್ಟು ಮುರೀತಾರಾ? ಎಂಥ ಪ್ರಶ್ನೆ ನಿಮ್ದು!”

“ಕೈ?”

“ಎಲೆ ಹಾಕಿದ್ಮೇಲೆ ತೊಳೀದೆ ಅಡುಗೆಮನೆಗೆ ಹೋಗೋಕಾಗತ್ತಾ? ನಮ್ಮತ್ತೆ ಹೊಡೀತಿದ್ರು.”

ನನ್ನ ತಾಯಿ ನನ್ನ ಕಣ್ಣೆದುರಿಗೇ ನಲವತ್ತು ವರ್ಷ ಎಲೆ ಹಾಕಿದವಳು. ತೊಟ್ಟು ಮೊದಲು, ಸುಣ್ಣ ಆಮೇಲೆ. ಈ ಊರಿನ ಮಕ್ಕಳಿಗೂ ಗೊತ್ತಿರುವ ಕ್ರಮ. ಮೇಜು ಕುಟ್ಟುವ ಮೊದಲು ಒಂದು ಕ್ಷಣ ಯೋಚಿಸಿದ್ದರೆ ನನಗೂ ಹೊಳೆಯುತ್ತಿತ್ತು. ಗುಂಡಕ್ಕನಿಗೆ ಸಿಕ್ಕಿದ್ದು ಸುಣ್ಣ ಮುಟ್ಟದ ತೊಟ್ಟು.

ಹಾಗಾದರೆ ನೆಲದ ಮೇಲಿನ ಬಿಳಿ ಎಲ್ಲಿಂದ ಬಂತು?

“ಇದಕ್ಕೆ ಕೊಡೋದೆಲ್ಲ ಎಲ್ಲಾದ್ರೂ ಬರೆದಿಟ್ಟಿದೀರಾ?” ಎಂದು ಅಟೆಂಡರನ್ನು ಕೇಳಿದೆ. ಕೇಳಬೇಕಾಗಿಯೇ ಇರಲಿಲ್ಲ. ಲ್ಯಾಬಿನ ಮನುಷ್ಯ. ಉದ್ದನೆಯ ನೋಟುಬುಕ್ಕು ಬಂತು. ಸ್ಕೇಲಿನಿಂದ ಗೆರೆ ಎಳೆದ ಕಲಂಗಳು: ತೂಕ, ಸೊಪ್ಪು, ನೀರು, ಔಷಧಿ. ಔಷಧಿಯ ಕೆಳಗೆ ಎರಡು ಕಲಂ. ಒಂದು, ವಿಟಮಿನ್ ಸಿ. ಇನ್ನೊಂದು, ಕ್ಯಾಲ್ಸಿಯಂ ಹನಿ, ಬೆಳಿಗ್ಗೆ ಐದು, ಸಂಜೆ ಐದು.

ಕ್ಯಾಲ್ಸಿಯಂ ಎಂದರೆ ಸುಣ್ಣದ ಅಂಶವೇ.

ಹಾಳೆ ತಿರುವಿದೆ. ಮತ್ತೆ ತಿರುವಿದೆ. ಹದಿನಾಲ್ಕು ತಿಂಗಳು. ಒಂದು ಚೌಕವೂ ಖಾಲಿಯಿಲ್ಲದೆ ಪ್ರತಿ ದಿನಕ್ಕೂ ಎರಡೆರಡು ರೈಟ್ ಗುರುತು. ಮನೆಯಲ್ಲಿ ಮದುವೆಯಾದ ದಿನವೂ, ಇವರಿಗೆ ಜ್ವರ ಬಂದಿದ್ದ ವಾರವೂ.

“ಇದನ್ನ ಯಾರು ಹೇಳಿದ್ದು?” ಎಂದೆ, ಆ ಕಲಮಿನ ಮೇಲೆ ಬೆರಳಿಟ್ಟು.

ಅಟೆಂಡರು ದೇವರ ಗೂಡಿನ ಪಕ್ಕದಿಂದ ಒಂದು ಚೀಟಿ ತಂದರು. ಲ್ಯಾಮಿನೇಷನ್ ಮಾಡಿಸಿದ್ದರು. ಮೆಡಿಕಲ್ ಸ್ಟೋರಿಗೆ ಪ್ರತಿ ಸಲ ಒಯ್ದು ಹಳೆಯದಾಗುತ್ತದೆಂದು. ಪ್ಲಾಸ್ಟಿಕ್ಕಿನ ಒಳಗೆ ನನ್ನ ಅಕ್ಷರ. ಕುಂಟುವ ನಾಯಿಮರಿಗೆಲ್ಲ ಕಣ್ಣು ಮುಚ್ಚಿ ಕ್ಯಾಲ್ಸಿಯಂ ಬರೆಯುವ ನನ್ನ ಕೈ, ಅಂದು ಈ ಗಿನಿಪಿಗ್ಗಿಗೂ ಬರೆದಿತ್ತು. ಎರಡು ಔಷಧಿಗಳ ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ ‘ಮುಂದುವರಿಸಿ’. ಎಷ್ಟು ದಿನವೆಂದು ಬರೆದಿರಲಿಲ್ಲ. ಕೆಳಗೆ ನನ್ನ ಸಹಿ, ಉದ್ದಕ್ಕೆ ಎಳೆದ ಬಾಲ ಸಹಿತ.

ಆ ಹೊತ್ತಿನಲ್ಲಿ ನಾನು ಏನು ಮಾಡಿದೆ ಎಂಬುದನ್ನು ಮುಚ್ಚಿಡಬಹುದಿತ್ತು. ಬರೆದುಬಿಡುತ್ತೇನೆ: ಏನೂ ಮಾಡಲಿಲ್ಲ. “ಆಪರೇಷನ್ ಅಲ್ವಾ, ಇವತ್ತಿಂದ ಈ ಹನಿ ಬೇಡ,” ಎಂದು ಮಾತ್ರ ಗೊಣಗಿ ಚಪ್ಪಲಿ ಮೆಟ್ಟಿಕೊಂಡೆ. ಮೆಟ್ಟಿಲವರೆಗೆ ಬಂದ ಆಕೆ ದನಿ ತಗ್ಗಿಸಿ ಹೇಳಿದರು:

“ಡಾಕ್ಟ್ರೇ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀವು ಬೇಜಾರ್ ಮಾಡ್ಕೋಬೇಡಿ. ನನ್ನಿಂದ ಆಯ್ತು ಅಂತ ಇವರು ಸಾಯೋವರೆಗೂ ಅಂತಾರೆ. ಅನ್ಲಿ. ನಾನೇ ಅಲ್ವಾ ತಿನ್ನಿಸಿದ್ದು.”

ಬೀದಿಯ ತಿರುವಿನವರೆಗೆ ನಡೆದೆ. ಚಿಂತೆಯಲ್ಲಿ ನನಗೆ ಒಳ್ಳೆಯ ಅನುಭವವಿದೆ. ಅಷ್ಟೇ ದೂರದಲ್ಲಿ ಎಲ್ಲವನ್ನೂ ಚಿಂತಿಸಿ ಮುಗಿಸಿದೆ. ಹೇಳಿದರೆ ಗಿನಿಪಿಗ್ಗನ್ನು ಆಪರೇಷನ್ನಿಗೆ ಕೊಡುವುದಿಲ್ಲ, ಅದು ಸಾಯುತ್ತದೆ. ಗವಿಪುರದಿಂದ ವೈಯಾಲಿಕಾವಲ್‌ವರೆಗೂ ನಾಯಿ ಸಾಕಿದವರಿಗೆಲ್ಲ ಸುದ್ದಿ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಕಲ್ಲು ಹನಿಯಿಂದಲೇ ಬಂತೆಂದು ಸಾಬೀತು ಮಾಡುವುದೂ ಸುಲಭವಲ್ಲ. ಕೆಲವು ಗಿನಿಪಿಗ್ಗುಗಳಿಗೆ ಸುಮ್ಮನೆಯೂ ಬರುತ್ತದಂತೆ. ಈ ಕೊನೆಯ ವಾದ ನನಗೆ ಬಹಳ ಹಿಡಿಸಿತು. ಆದರೆ ಅದೇ ವಾದವನ್ನು ಆ ಹೆಂಗಸಿಗೆ ಕೊಡಲು ನನಗೆ ನೆನಪಾಗಿರಲಿಲ್ಲವಲ್ಲ. ಆಕೆಗಾದರೆ ಮೇಜು ಕುಟ್ಟುವಷ್ಟು ಖಾತರಿ, ನನಗಾದರೆ ಸಂಶಯದ ಲಾಭ.

ತಿರುಗಿ ಹೋದೆ. ಚಪ್ಪಲಿ ಬಿಡುವ ಮೊದಲೇ ಹೇಳಿದೆ, ಬಿಟ್ಟರೆ ಧೈರ್ಯವೂ ಬಿಡುತ್ತದೆಂದು.

“ಸುಣ್ಣ ಇವರಿಂದ ಹೋಗಿದ್ದಲ್ಲ. ಆ ಹನಿಯಿಂದ. ಅದನ್ನ ಬರೆದೋನು ನಾನು. ಇಪ್ಪತ್ತು ದಿನಕ್ಕೆ ನಿಲ್ಲಿಸಿ ಅಂತ ಬರೀಬೇಕಿತ್ತು, ಬರೀಲಿಲ್ಲ. ನಿಜ ಹೇಳ್ಬೇಕು ಅಂದ್ರೆ ಅದು ಬೇಕಾಗೇ ಇರ್ಲಿಲ್ಲ. ನೀವು ಬೇರೆ ಡಾಕ್ಟ್ರ ಹತ್ರ ಹೋಗ್ತೀನಂದ್ರೆ ಎಕ್ಸ್‌ರೇ, ದಾರ ಎಲ್ಲ ನಾನೇ ತಲುಪಿಸ್ತೀನಿ.”

ಅಟೆಂಡರು ಚೀಟಿಯನ್ನು ಕೈಗೆತ್ತಿಕೊಂಡರು. ಪ್ಲಾಸ್ಟಿಕ್ಕಿನ ಮೇಲೆ ಬೆರಳಾಡಿಸುತ್ತ ಒಂದೊಂದೇ ಸಾಲನ್ನು ಓದಿದರು. ಬೈದಿದ್ದರೆ ಹಗುರವಾಗುತ್ತಿದ್ದೆ.

“ನಿಲ್ಲಿಸಿ ಅಂತ ಇಲ್ಲ ಸಾರ್,” ಎಂದರು ಕೊನೆಗೆ, ಬೇರೆ ಯಾರದೋ ತಪ್ಪನ್ನು ಕಂಡುಹಿಡಿದವರಂತೆ ಮೆಲ್ಲಗೆ. “ದಿನಾ ಎರಡು ಹೊತ್ತು ಬಾಯಿ ಬಿಡಿಸಿ ಹಾಕಿದೀನಿ. ಬೇಡ ಅಂತ ಮುಖ ತಿರುಗಿಸೋದು. ಬಿಡ್ತಿರ್ಲಿಲ್ಲ ನಾನು.”

ಅವರೂ ಈಗ ಚೀಟಿಯನ್ನು ತಲೆಕೆಳಗಾಗಿ ಹಿಡಿದಿದ್ದರು. ಈಗ ಟವೆಲ್ ಮಡಿಸುವ ಸರದಿ ನನ್ನದು, ಟವೆಲ್ಲಿರಲಿಲ್ಲ.

ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಲಿಲ್ಲ. “ಏನ್ರೀ,” ಎಂದರು ಗಂಡನಿಗೆ, “ಇನ್ಮೇಲಾದ್ರೂ ನನ್ನ ಹತ್ರ ಮಾತಾಡ್ತೀರೋ, ಇಲ್ಲಾ ಗುಂಡಕ್ಕನೇ ಹೇಳ್ಬೇಕೋ?”

ಅಟೆಂಡರು ಗೂಡಿನ ಕಡೆಯಿಂದ ಆಕೆಯ ಕಡೆ ತಿರುಗಿದರು. ಆಮೇಲೆ ಹೇಳಿದರು: “ಸ್ವಲ್ಪ ನೀರು ಕೊಡೇ.”

ಆಪರೇಷನ್ ಬಗ್ಗೆ ಕೇಳಿದೆ. “ನೀವೇ ಮಾಡಿ,” ಎಂದರು. “ಬೇರೆಯವರ ಹತ್ರ ಹೋದ್ರೆ ಮೊದಲಿಂದ ಎಲ್ಲಾ ಹೇಳ್ಬೇಕು. ನಿಮಗೆ ಗೊತ್ತಿದೆ.” ಇದು ಕ್ಷಮೆಯೋ ಅನುಕೂಲವೋ ನಾನು ವಿಚಾರಿಸಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಶುರು. ನನ್ನ ಕಾಂಪೌಂಡರು ನನಗಿಂತ ಹತ್ತು ವರ್ಷ ಹಿರಿಯರು, ಹೋರಿಗಳ ಮೂಗುದಾರ ಹಿಡಿದು ಬಂದವರು. “ಇದನ್ನ ಹಿಡಿಯೋಕೆ ನಾನ್ಯಾಕೆ ಸಾರ್, ಬಟ್ಟೆ ಕ್ಲಿಪ್ ಸಾಕು,” ಎಂದರು. ಇನ್ಸುಲಿನ್ ಸಿರಿಂಜಿನಲ್ಲಿ ಅರಿವಳಿಕೆ ತೆಗೆದೆ. ಮೂರು ಸಲ ಲೆಕ್ಕ ಮಾಡಿದ್ದಾಗಿತ್ತು. ಏಳು ನಿಮಿಷಕ್ಕೆ ಕಾಲು ಚಿವುಟಿದರೆ ಎಳೆದುಕೊಳ್ಳಲಿಲ್ಲ. ಹೊಟ್ಟೆಯ ಕೂದಲು ಬೋಳಿಸಿ, ಎರಡು ಪಕ್ಕಕ್ಕೂ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟು, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿದೆ.

ಚರ್ಮ, ಅದರ ಕೆಳಗೆ ನಡುಗೆರೆಯ ಬಿಳಿ ಪೊರೆ, ಅದರ ಕೆಳಗೆ ಬೆಚ್ಚಗಿನ ಕರುಳಿನ ಸುರುಳಿ. ಸುರುಳಿಯನ್ನು ಒದ್ದೆ ಬಟ್ಟೆಯಿಂದ ಪಕ್ಕಕ್ಕೆ ಸರಿಸಿದರೆ ಮೂತ್ರಕೋಶ, ಊದಿ ಕೆಂಪಗಾಗಿ ದ್ರಾಕ್ಷಿಗಿಂತ ದಪ್ಪ. ಸೂಜಿಯಿಂದ ಮೂತ್ರ ಹೀರಿದೆ. ಮೇಲೆ ರಕ್ತನಾಳವಿಲ್ಲದ ಜಾಗ ನೋಡಿ ಬ್ಲೇಡಿನ ತುದಿ ಇಟ್ಟೆ.

“ಸಾರ್,” ಎಂದರು ಕಾಂಪೌಂಡರು. “ಉಸಿರಿಲ್ಲ.”

ನಿಜ. ಎದೆ ನಿಂತಿತ್ತು. ಬ್ಲೇಡು ಕೆಳಗಿಟ್ಟು, ಎರಡು ಬೆರಳಿನಲ್ಲಿ ಪಕ್ಕೆಯನ್ನು ಒತ್ತಿ ಬಿಟ್ಟೆ, ಒತ್ತಿ ಬಿಟ್ಟೆ. ಕಾಂಪೌಂಡರು ಹೇಳಿಸಿಕೊಳ್ಳದೆಯೇ ನಾಲಗೆ ಹೊರಗೆಳೆದು, ಕೊಳವೆ ಮಾಡಿದ ಕಾಗದವನ್ನು ಮೂಗಿಗೆ ಹಿಡಿದು ಊದತೊಡಗಿದರು. ಹೊರಗೆ ಬೆಂಚಿನ ಮೇಲೆ ಗಂಡ-ಹೆಂಡತಿ ಯಾವುದೋ ಸಂಬಂಧಿಕರ ವಿಷಯಕ್ಕೆ ಜಗಳವಾಡುತ್ತಿದ್ದುದು ಪರದೆಯ ಈಚೆಗೆ ಕೇಳುತ್ತಿತ್ತು. ಇಪ್ಪತ್ತು ಸಲವೋ ಮೂವತ್ತು ಸಲವೋ ಒತ್ತಿರಬೇಕು. ಎದೆ ತಾನಾಗಿ ಒಮ್ಮೆ ಎದ್ದಿತು. ತಡೆದು, ಮತ್ತೊಮ್ಮೆ.

“ಕ್ಲಿಪ್ ಸಾಕಾಗ್ತಿರ್ಲಿಲ್ಲ ಸಾರ್,” ಎಂದರು ಕಾಂಪೌಂಡರು, ಹಣೆ ಒರೆಸಿಕೊಂಡು.

ಇಕ್ಕಳದ ತುದಿಗೆ ಸಿಕ್ಕ ಕಲ್ಲು ಸ್ಟೀಲ್ ತಟ್ಟೆಗೆ ಬಿದ್ದು ಟಣ್ಣೆಂದಿತು. ಸುಣ್ಣದ ಡಬ್ಬಿ ಕಸದ ಬುಟ್ಟಿಗೆ ಬಿದ್ದ ಸದ್ದೇ ಅದು, ಇನ್ನಷ್ಟು ಸಣ್ಣದಾಗಿ. ಒಳಗೆ ಉಳಿದಿದ್ದ ಮರಳನ್ನು ಸಲೈನಿನಿಂದ ಮೂರು ಸಲ ತೊಳೆದೆ. ಹದಿಮೂರನೆಯ ದ್ರಾಕ್ಷಿಯನ್ನು ನೆನೆದು ಹೊಲಿದೆ. ನೀರು ತುಂಬಿ ನೋಡಿದೆ. ಸೋರಲಿಲ್ಲ.

ಎಚ್ಚರವಾಯಿತು, ಆದರೆ ತಿನ್ನಲಿಲ್ಲ. ತಿನ್ನದ ಗಿನಿಪಿಗ್ಗಿನ ಕರುಳು ನಿಂತುಹೋಗುತ್ತದೆ. ಕಲ್ಲು ತೆಗೆದ ಮೇಲೂ ಸಾಯುವುದು ಹೀಗೆ. ಹುರಿಹಿಟ್ಟಿನಂತೆ ಪುಡಿ ಮಾಡಿದ ಹುಲ್ಲು, ನೀರು, ವಿಟಮಿನ್ ಸಿ ಕಲಸಿ ಸಿರಿಂಜಿನಲ್ಲಿ ಬಾಯಂಚಿಗೆ ಹಾಕಲು ಹೇಳಿಕೊಟ್ಟೆ. ಬಾಯಿ ಬಿಡಿಸುವುದು ಅಟೆಂಡರಿಗೆ ಈಗ ಆಗುತ್ತಿರಲಿಲ್ಲ. ಹೆಂಡತಿ ಮಡಿಲಲ್ಲಿಟ್ಟುಕೊಂಡು ತಿನ್ನಿಸಿದರು, ಅವರು ಗುರುತು ಹಾಕಿದರು. ಎರಡು ದಿನ ಫೋನ್ ರಿಂಗಾದಾಗೆಲ್ಲ ಸಾವಿನ ಸುದ್ದಿಯೆಂದೇ ಎತ್ತಿದೆ. ಮೂರನೆಯ ದಿನ ಅಟೆಂಡರ ದನಿ:

“ಸಾರ್, ಹನ್ನೊಂದು.”

“ಏನು ಹನ್ನೊಂದು?”

“ಹಿಕ್ಕೆ ಸಾರ್. ಎಣಿಸಿದೆ. ಗಟ್ಟಿಯಾಗಿದೆ.”

ಯಾವ ಪ್ರಾಣಿಯ ಹಿಕ್ಕೆಯ ವಾರ್ತೆಗೂ ನಾನು ಹಾಗೆ ಗೋಡೆಗೊರಗಿ ಕಣ್ಣು ಒರೆಸಿಕೊಂಡಿರಲಿಲ್ಲ.

ಪಾಲಕ್ಕು, ಕಡಲೆ ಬಂದ್. ಹುಲ್ಲೇ ಮುಖ್ಯ ಎಂದು ಬರೆದುಕೊಟ್ಟೆ. ಊರೊಳಗೆ ಒಳ್ಳೆಯ ಹುಲ್ಲು ಸಿಗುವ ಜಾಗ ಗಾಂಧಿ ಬಜಾರಿನ ಹೂವಿನ ಸಾಲು: ಗಣಪತಿಗೆ ಏರಿಸುವ ಗರಿಕೆ. ದಿನಾ ಬುಟ್ಟಿ ತುಂಬ ಒಯ್ಯುತ್ತಿದ್ದ ಅಟೆಂಡರಿಗೆ ಹೂವಿನವರು ಕೇಳಿದರಂತೆ, “ಯಜಮಾನ್ರೇ, ಎಷ್ಟು ಗಣಪತಿ ಇಟ್ಟಿದೀರಾ ಮನೇಲಿ?” “ಒಂದೇ. ತಿನ್ನತ್ತೆ,” ಎಂದರಂತೆ ಇವರು.

ತಿಂಗಳ ಮೇಲೆ ಗವಿಪುರಕ್ಕೆ ಹೋದೆ. ಬೇಸಿಗೆ ಏರಿತ್ತು, ಶರ್ಟು ಬೆನ್ನಿಗೆ ಅಂಟಿತ್ತು. ಕೆಂಪು ನೆಲದ ಮೇಲೆ ಬಿಳಿ ಪುಡಿ ಇರಲಿಲ್ಲ. ಗುಂಡಕ್ಕ ಮತ್ತೆ ಕೂಗಿರಲಿಲ್ಲ, ತೂಕ ಒಂಬೈನೂರಕ್ಕೆ ಬಂದಿತ್ತು. ಇನ್ನೇನು ಸಮಾಧಾನವಾಗಬೇಕು, ಅಷ್ಟರಲ್ಲಿ ಗೂಡಿನೊಳಗೆ ಕಣ್ಣು ಹೋಯಿತು. ಗುಂಡಕ್ಕ ಒಂದು ಮೂಲೆಗೆ ಮೈ ಒತ್ತಿ, ನಾಲ್ಕೂ ಕಾಲು ಚಾಚಿ, ಒಲೆಯ ಮುಂದಿನ ಬೆಕ್ಕಿನಂತೆ ಬಿದ್ದುಕೊಂಡಿತ್ತು. ಇನ್ನೊಂದು ಕಡೆ ಬಟ್ಟೆ ಸುತ್ತಿದ ಎರಡು ಬಾಟಲಿಗಳು. ಮುಟ್ಟಿದೆ. ಬಿಸಿ.

“ಇದು?”

“ಬಿಸಿನೀರು ಸಾರ್. ಮೂರು ಗಂಟೆಗೊಮ್ಮೆ ಬದಲಿಸಿ ಅಂದಿದ್ರಿ, ಆಪರೇಷನ್ ದಿವಸ.”

ನೋಟುಬುಕ್ಕು ತೆರೆದರು. ಹೊಸ ಕಲಂ. ಮೂವತ್ತೆರಡು ದಿನ, ಒಂದೂ ಚೌಕ ಖಾಲಿಯಿಲ್ಲ.

ನಾನು ನೋಟುಬುಕ್ಕಿನ ಮುಂದೆ ಕೂತೆ. ಅಟೆಂಡರು ಪೆನ್ನಿನ ಮುಚ್ಚಳ ತೆಗೆದು, ನಾನು ಕೇಳುವ ಮೊದಲೇ ನನ್ನ ಕೈಗೆ ಕೊಟ್ಟರು. ಕಲಮಿನ ಕೆಳಗೆ ದೊಡ್ಡದಾಗಿ ‘ನಿಲ್ಲಿಸಿ’ ಎಂದು ಬರೆದು ಸಹಿ ಮಾಡಿದೆ. ಬಾಲ ಹಾಕಲಿಲ್ಲ.

ಆಕೆ ಎಲೆಯ ತಟ್ಟೆ ತಂದು ಎದುರಿಗೆ ಕೂತರು. ಸೊಂಟದಲ್ಲಿ ಸಂಚಿ ಮತ್ತೆ ಬಂದಿತ್ತು. ತೊಟ್ಟು ಮುರಿದರು, ತುದಿ ಚಿವುಟಿದರು. ಗೂಡಿನೊಳಕ್ಕೆ ಕೈ ಚಾಚಿದರು. ಗುಂಡಕ್ಕ ಎದ್ದು ಬಂದು ಬೆರಳಿನಿಂದ ಇಸಿದುಕೊಂಡಿತು. ಆಮೇಲೆ ಸುಣ್ಣ ಹಚ್ಚಿ, ಅಡಿಕೆಯಿಟ್ಟು ಮಡಿಸಿ, ಎಲೆಯನ್ನು ನನ್ನ ಕೈಯಲ್ಲಿಟ್ಟರು.

“ತಿನ್ನಿ ಡಾಕ್ಟ್ರೇ. ಇವತ್ತಿಗೆ ಒಂದು ಅಷ್ಟೇ, ನಾಳೆಯಿಂದ ಬೇಡ. ಬರೆದುಕೊಡ್ಲಾ?”